ಎರಡು ಗಂಟೆಯ ಬಸ್ಸಿನ ತನಕ ನಿಲ್ಲಬೇಕಿದ್ದ ಜಾಕ್

ನಮ್ಮ ಕಡೆ ಆಗ ಎಲ್ಲವೂ ಕೆಂಪಗಿತ್ತು. ಕುರೆಕುಪ್ಪದ ರಸ್ತೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಅದಿರಿನ ಲಾರಿಗಳು ಒಂದರ ಬಾಲಕ್ಕೆ ಒಂದು ಹತ್ತಿಕೊಂಡು ಹೋಗುತ್ತಿದ್ದವು. ಬೇವಿನ ಎಲೆ ಕೆಂಪು, ಬೀದಿನಾಯಿ ಕೆಂಪು, ಒಣಗಲು ಹಾಕಿದ ಬಿಳಿ ಪಂಚೆ ಕೆಂಪು. ಒಗ್ಗರಣಿ-ಮಿರ್ಚಿ ಕಟ್ಟಿಕೊಟ್ಟ ಪೇಪರ್ ಬಿಚ್ಚುವಷ್ಟರಲ್ಲಿ ಮಂಡಕ್ಕಿಯ ಮೇಲೆ ಒಂದು ಪದರ ಧೂಳು ಕೂತಿರುತ್ತಿತ್ತು. ಅದನ್ನೂ ಸೇರಿಸಿಯೇ ತಿನ್ನುತ್ತಿದ್ದೆವು. ನಿಮ್ಮಲ್ಲಿ ಸಂಡೂರು, ತೋರಣಗಲ್ಲಿನ ಕಡೆ ಬೆಳೆದವರಿದ್ದರೆ ಹಲ್ಲಿನ ನಡುವೆ ಕರಕರ ಎನ್ನುವ ಆ ರುಚಿ ನೆನಪಿರುತ್ತದೆ.

ಈಗ ಹೊಸಪೇಟೆಯಲ್ಲಿ ನನ್ನದೇ ಅಂಗಡಿ ಇದೆ. ಹಳೆಯ ಜಾಕ್, ಚೈನ್ ಬ್ಲಾಕ್, ಸ್ಪ್ಯಾನರ್, ವೈಸ್, ಎಲ್ಲ ಸೆಕೆಂಡ್ ಹ್ಯಾಂಡ್ ಸಾಮಾನು. ಯಾರ ಕೈಯನ್ನೂ ಹಿಡಿಯದೆ ಕಟ್ಟಿಕೊಂಡದ್ದು. ಮೊದಲ ಸಲ ಬಂದವರು ನನ್ನನ್ನು ದಾಟಿ ಒಳಗೆ ಇಣುಕಿ "ಯಜಮಾನ್ರಿಲ್ಲೇನ್ರಿ?" ಎನ್ನುತ್ತಾರೆ. "ನಿಮ್ಮ ಎದುರಿಗೇ ಅದೀನಲ್ರಿ" ಎನ್ನುತ್ತೇನೆ. ಅಲ್ಲಿಗೆ ಅವರ ಚೌಕಾಸಿ ಅರ್ಧ ಮುಗಿಯುತ್ತದೆ. ದಿನಕ್ಕೆ ನಾಲ್ಕಾರು ಜನ ಫೋನಿಗೆ ಫೋಟೊ ಕಳಿಸಿ "ಅಕ್ಕಾ, ಇದು ಯಾವ ಜಾಕು, ರಿಪೇರಿ ಆಗ್ತೈತೇನ್ರಿ?" ಎಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ಬಣ್ಣ ನೋಡಬೇಡಿ, ಬಣ್ಣವನ್ನು ಯಾರು ಬೇಕಾದರೂ ಬಳಿಯಬಹುದು. ಹೆಸರಿನ ಫಲಕ ಇದ್ದರೂ ನಂಬಬೇಡಿ, ಒಂದರದ್ದು ಕಿತ್ತು ಇನ್ನೊಂದಕ್ಕೆ ಹೊಡೆಯುವವರಿದ್ದಾರೆ. ತಳ ನೋಡಿ, ನಟ್ಟಿನ ಅಳತೆ ನೋಡಿ, ಒಳಗಿನ ಎಣ್ಣೆಯನ್ನು ಮೂಸಿ ನೋಡಿ. ಇಷ್ಟನ್ನು ನಾನು ಕಲಿತದ್ದು ಒಂದೇ ಬೇಸಿಗೆಯಲ್ಲಿ, ಒಂದೇ ಜಾಕಿನಿಂದ. ಆಗ ನನಗೆ ಹನ್ನೊಂದು ವರ್ಷ.

ಅಪ್ಪನದು ರಸ್ತೆ ಬದಿಯ ಪಂಚರ್ ಅಂಗಡಿ. ನಾಲ್ಕು ಕಂಬ, ಸುತ್ತಲೂ ಮೇಲೂ ತಗಡು, ತಗಡಿನದೇ ಒಂದು ಬಾಗಿಲು, ಮುಂದೆ ನೇತುಹಾಕಿದ ಒಂದು ಬೋಳು ಟೈರ್. ಆ ಬೇಸಿಗೆ ಅಪ್ಪನ ಜಾಕನ್ನು ಯಾರೋ ಕದ್ದುಕೊಂಡು ಹೋದರು. ಲಾರಿ ಎತ್ತಲು ಜಾಕ್ ಇಲ್ಲದ ಪಂಚರ್ ಅಂಗಡಿ ಎಂದರೆ ಒಲೆಯಿಲ್ಲದ ಖಾನಾವಳಿ. ಹಾಗಾಗಿ ನಾವಿಬ್ಬರೂ ಗುಜರಿ ಅಂಗಡಿಗೆ ಹೋದೆವು. ಅಲ್ಲಿ ಮೂಲೆಯಲ್ಲಿ ಒಂದು ಎಣ್ಣೆ ಜಾಕ್ ಬಿದ್ದಿತ್ತು. ಕುಳ್ಳಗೆ, ಹೊಟ್ಟೆ ಬಂದ ಶಾನುಭೋಗನ ಹಾಗೆ.

"ಡ್ಯಾಮ್ ಕಟ್ಟುವಾಗಿಂದು ರೀ. ಈಗ ಇಂಥಾ ಮಾಲು ಎಲ್ಲಿ ಬರ್ತೈತಿ?" ಎಂದ ಗುಜರಿಯವನು.

"ನಡೀತೈತೇನು?" ಎಂದ ಅಪ್ಪ.

"ನಡಿಯೋದಿದ್ರ ಗುಜರ್‍ಯಾಗ ಯಾಕ ಬೀಳ್ತಿತ್ತು?"

"ಹಂಗಾರ ಕಬ್ಬಿಣದ ರೇಟಿಗೆ ತೂಗ್ರಿ," ಎಂದೆ ನಾನು. ಇಬ್ಬರೂ ತಿರುಗಿ ನೋಡಿದರು. "ಮತ್ತ ಒಳಗಿನ ಎಣ್ಣಿ ಸುರುವಿ ತೂಗ್ರಿ. ಎಣ್ಣಿ ಕಬ್ಬಿಣ ಅಲ್ಲ."

ಗುಜರಿಯವನು ಅಪ್ಪನಿಗೆ ಕೈಮುಗಿದ. "ಈಕಿನ್ನ ಯಾರ ಮನಿಗೆ ಕೊಡ್ತೀರೋ, ಅವರ ಮನಿ ದೇವ್ರೇ ಕಾಯಬೇಕು." ಆದರೂ ಎಣ್ಣೆ ಸುರಿದೇ ತೂಗಿದ. ಅದು ನನ್ನ ಮೊದಲ ವ್ಯಾಪಾರ. ಬರುವಾಗ ಜಾಕನ್ನು ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಿ, ನಾನು ಹಿಂದೆ ಹಿಂದೆ ಓಡಿ ಬಂದೆ. ಮಾರನೆಯ ದಿನ ತೋರಣಗಲ್ಲಿನ ವರ್ಕ್‌ಶಾಪಿನ ಮೇಸ್ತ್ರಿ ಅದನ್ನು ನೋಡಿ, "ಇದರ ವಾಷರ್ ಎಲ್ಲೂ ಸಿಗಂಗಿಲ್ಲ. ಬಾಗಿಲಿಗೆ ಅಡ್ಡ ಇಡು" ಎಂದು ಕಳಿಸಿದ.

ಅದೇ ವಾರ ಕಂಪ್ಲಿ ಕಡೆಯ ಊರಿನಿಂದ ತಾತ ಬಂದ. ತಾತ ಎಂದರೆ ಅಪ್ಪನ ಅಪ್ಪ. ಊರಲ್ಲಿ ಚಿಕ್ಕಪ್ಪನ ಜೊತೆ ಇದ್ದ. ತಾತನದು ತೊಗಲಿನ ಕೆಲಸ. ಚಪ್ಪಲಿ ಹೊಲಿಯುತ್ತಿದ್ದ, ಕೈ ಬೋರಿಂಗಿನ ತೊಗಲು ವಾಷರ್ ಮಾಡುತ್ತಿದ್ದ. ಪ್ಲಾಸ್ಟಿಕ್ ಚಪ್ಪಲಿ ಬಂತು, ಬೋರಿಂಗಿಗೆ ಮೋಟಾರ್ ಬಂತು, ತಾತ ಖಾಲಿಯಾದ. ಬಂದವನು ನೀರು ಕುಡಿದು, ಚೊಂಬು ಕೆಳಗಿಟ್ಟು, ನೇರ ವಿಷಯಕ್ಕೆ ಬಂದ.

"ನಿನ್ನ ಅಂಗಡ್ಯಾಗ ನನಗೊಂದು ಮೂಲಿ ಕೊಡಪ್ಪಾ. ಅಲ್ಲಿ ಸುಮ್ಮನ ಕುಂತು ಕುಂತು ಕುಂಡಿ ಸವದೈತಿ."

ಅಪ್ಪ ಟೈರಿನಿಂದ ಮೊಳೆ ಕೀಳುತ್ತಿದ್ದವನು ತಲೆ ಎತ್ತಲಿಲ್ಲ. "ಇಲ್ಲಿ ನಾವು ಯಾವ ಓಣ್ಯಾರು ಅಂತ ಯಾರೂ ಕೇಳಿಲ್ಲ. ನೀ ತೊಗಲು ಹರವಿಕೊಂಡು ಕುಂತ್ರ ಕೇಳೋದೇ ಬ್ಯಾಡ, ತಾವೇ ತಿಳ್ಕೊಂತಾರ."

 ತಾತನ ಕಣ್ಣು ಬಾಗಿಲಿಗೆ ಅಡ್ಡ ಇಟ್ಟಿದ್ದ ಜಾಕಿನ ಮೇಲೆ ಬಿತ್ತು. ಹೋಗಿ ಅದನ್ನು ತೊಡೆಯ ಮೇಲೆ ಉರುಳಿಸಿಕೊಂಡು, ಎಣ್ಣೆ ತುಂಬುವ ತೂತಿಗೆ ಮೂಗು ಹಚ್ಚಿದ. ಆಮೇಲೆ ಒಂದು ಕಡ್ಡಿ ತೂರಿಸಿ ಒಳಗಿನ ಕೆಸರು ತೆಗೆದು ಬಿಸಿಲಿಗೆ ಹಿಡಿದ. ಬೆಲ್ಲದ ಪಾಕದಂಥ ಕಂದು ಬಣ್ಣ.

"ಇದರೊಳಗ ನಮ್ಮ ಪೈಕಿದು ಐತಿ," ಎಂದ.

"ಏನು?"

"ತೊಗಲು. ರಬ್ಬರ್ ಇದ್ರ ಕರ್ರಗಿರ್ತಿತ್ತು."

ಇದನ್ನು ಬರೆದಿಟ್ಟುಕೊಳ್ಳಿ. ಕೆಸರು ಕಪ್ಪಗಿದ್ದರೆ ರಬ್ಬರು, ಕಂದಾಗಿದ್ದರೆ ತೊಗಲು. ತೊಗಲಿನ ಜಾಕಿಗೆ ಬ್ರೇಕ್ ಆಯಿಲ್ ಹಾಕಿದಿರೋ, ಕೆಲಸ ಕೆಟ್ಟಿತು.

ಅಂಗಡಿಯ ಮುಂದೆ ಆಕ್ಸಲ್ ಮುರಿದ ಒಂದು ಲಾರಿ ನಿಂತಿತ್ತು, ಅರ್ಧ ಲೋಡು ಅದಿರಿನ ಸಮೇತ. ಅದರ ಡ್ರೈವರ್ ಖಾಜಾ ಹೊಸಪೇಟೆಯಿಂದ ಸಾಮಾನು ಬರುವುದನ್ನು ಕಾಯುತ್ತ ನಮ್ಮ ಬೆಂಚಿನ ಮೇಲೆಯೇ ವಾಸವಾಗಿದ್ದ. ಹೊತ್ತು ಹೋಗದ ಮನುಷ್ಯ, ಎದ್ದು ಬಂದ. ತಾತ ರಂಪಿಗೆಯಿಂದ, ಅಂದರೆ ತೊಗಲು ಕತ್ತರಿಸುವ ಅಗಲ ಬಾಯಿನ ಉಳಿಯಿಂದ, ಜಾಕಿನ ಬಣ್ಣ ಹೆರೆದ. ನೀಲಿ, ಅದರ ಕೆಳಗೆ ಹಸಿರು, ಅದರ ಕೆಳಗೆ ಕೆಂಪು. ತಳದಲ್ಲಿ ಎರಕದ ಅಕ್ಷರಗಳಿದ್ದವು. ತಾತನಿಗೆ ಓದು ಬರುತ್ತಿರಲಿಲ್ಲ. ನಾನು ಸೀಮೆಸುಣ್ಣ ತಿಕ್ಕಿ ಒರೆಸಿದೆ. ಒಂದು ಕಡೆ ಎಂಟು ಟನ್ ಎಂಬುದು ಬಿಳಿಯಾಗಿ ಎದ್ದಿತು. ಇನ್ನೊಂದು ಕಡೆ ಹೆಸರೆಲ್ಲ ಸವೆದು ಕೊನೆಯ "ಲ್ಯಾಂಡ್" ಮಾತ್ರ ಉಳಿದಿತ್ತು.

"ಇಂಗ್ಲೆಂಡು!" ಎಂದ ಖಾಜಾ.

"ಹಾಲೆಂಡೂ ಇರಬೌದು," ಎಂದ ಅಪ್ಪ, ಆಸೆ ತೋರಿಸಬಾರದೆಂದು.

"ಯಾವ ಲ್ಯಾಂಡ್ ಆದ್ರೇನು, ಬಾಯಿ ಬಿಚ್ಚಬೇಕಲ್ಲ," ಎಂದ ತಾತ.

ಬಿಚ್ಚಲು ಹೋದರೆ ಹದಿನೇಳರ ಸ್ಪ್ಯಾನರ್ ಹತ್ತಲಿಲ್ಲ, ಹದಿನೆಂಟರದು ಜಾರಿತು. ಮಿಲಿಮೀಟರಿನದಲ್ಲ, ಇಂಚಿನ ಲೆಕ್ಕದ ಜಾಕ್. ನಿಮ್ಮ ಯಾವ ಸ್ಪ್ಯಾನರೂ ಸರಿಯಾಗಿ ಕೂರದಿದ್ದರೆ ಬೈಯಬೇಡಿ, ಹಿಗ್ಗಿ. ಅದು ನಿಜವಾದ ಹಳೆಯ ಮಾಲು. ಹದಿನೆಂಟರ ಬಾಯಿಗೆ ತಗಡಿನ ಚೂರು ಸಿಕ್ಕಿಸಿ ಅಪ್ಪ ಒಂದೇ ಏಟಿಗೆ ಸಡಿಲಿಸಿದ. ಒಳಗಿನ ಉಕ್ಕಿನ ಕಂಬ ಹೊರಗೆ ಬಂತು. ಅದರ ಪಾದಕ್ಕೆ ತೊಗಲಿನ ಒಂದು ಬಟ್ಟಲು, ಮೇಸ್ತ್ರಿ ಹೇಳಿದ ವಾಷರ್ ಅದೇ, ಒಣಗಿ ಹಪ್ಪಳದಂತೆ ಮುರಿದಿತ್ತು.

ಅಪ್ಪ ಅದರ ಚೂರುಗಳನ್ನು ಅಂಗೈಗೆ ಹಾಕಿಕೊಂಡು ನೋಡಿದ. ನಂತರ ಹೇಳಿದ. "ಆತು. ನೀನ ಮಾಡು. ಆದ ಮ್ಯಾಲ ಖಾಜಾನ ಲಾರಿ ಕೆಳಗ ಒಂದು ಮುಂಜಾನಿ ಹಚ್ಚೋಣು. ದೋಣಿಮಲೈ ಗಣಿದು ಎರಡು ಗಂಟಿ ಸ್ಟಾಫ್ ಬಸ್ ಹೋಗೋತನ ಇಳೀದ ನಿಂತ್ರ ಈ ಮೂಲಿ ನಿಂದು. ಯಾರ್ ಏನ್ ಕೇಳ್ತಾರೋ ಕೇಳ್ಲಿ. ಇಳೀತು ಅಂದ್ರ ನೀ ಊರಿಗೆ."

"ಖರೇನ?" ಎಂದ ತಾತ.

"ಖರೇ."

ನನಗೆ ತಾತ ಉಳಿಯಬೇಕಿತ್ತು. ಕಾರಣ ದೊಡ್ಡದೇನಲ್ಲ. ಅವ್ವ ಕ್ವಾರ್ಟರ್ಸಿನ ಮನೆಗಳಿಗೆ ಕೆಲಸಕ್ಕೆ ಹೋಗಿ ಸಂಜೆ ಬರುತ್ತಿದ್ದಳು, ಅಪ್ಪ ಟೈರುಗಳ ಜೊತೆ ಮಾತ್ರ ಮಾತಾಡುತ್ತಿದ್ದ. ತಾತ ನನ್ನನ್ನು ಕೂರಿಸಿಕೊಂಡು ಕೇಳುತ್ತಿದ್ದ. ಅವನಿಗೆ ಕೇಳುವುದು ಅಗತ್ಯವೂ ಆಗಿತ್ತು. ವರ್ಷಗಟ್ಟಲೆ ಸುಣ್ಣದ ನೀರಿನಲ್ಲಿ, ತೊಗಲು ಹದ ಮಾಡುವ ತಂಗಡಿ ತೊಗಟೆಯ ನೀರಿನಲ್ಲಿ ಕೈಯಾಡಿಸಿ ಅವನ ಬೆರಳ ತುದಿಗಳು ಸತ್ತಿದ್ದವು. ಬೀಡಿಯ ಕಿಡಿ ತಾಕಿದರೂ ತಿಳಿಯುತ್ತಿರಲಿಲ್ಲ. ಎರಡೂ ಅಂಗೈ ಸೇರಿಸಿ ಚೊಂಬು ಎತ್ತುತ್ತಿದ್ದ. ತೊಗಲನ್ನು ಕತ್ತರಿಸಬಲ್ಲ, ಅದರ ಹದ ತಿಳಿಯಲಾರ. ಹಾಗಾಗಿ ನಾನು ಅವನ ಬೆರಳಾದೆ.

ಚೀಲದಿಂದ ಎಮ್ಮೆಯ ತೊಗಲಿನ ಒಂದು ತುಂಡು ತೆಗೆದು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿದ. ದುಂಡಗೆ ಕೊಯ್ದು, ಜಾಲಿ ಕಟ್ಟಿಗೆಯ ಅಚ್ಚಿನ ಮೇಲಿಟ್ಟು, ಮೇಲಿನಿಂದ ಗೂಟ ಒತ್ತಿದ. ಚಪ್ಪಟೆ ತೊಗಲು ಬಟ್ಟಲಾಗಿ ಎದ್ದು ನಿಂತಿತು. ಆಮೇಲೆ ಬಾಯಿಯ ಅಂಚನ್ನು ಹೆರೆಯತೊಡಗಿದ. ಎಣ್ಣೆ ಕೆಳಗಿನಿಂದ ಒತ್ತಿದಷ್ಟೂ ಆ ಬಾಯಿ ಅಗಲವಾಗಿ ಸುತ್ತಲಿನ ಗೋಡೆಗೆ ಅಂಟಬೇಕು. ದಪ್ಪಗಿದ್ದರೆ ಅಗಲವಾಗುವುದಿಲ್ಲ, ತೆಳ್ಳಗಿದ್ದರೆ ಮಡಚಿಕೊಳ್ಳುತ್ತದೆ.

"ಮುಟ್ಟು. ಹೆಂಗೈತಿ?"

"ಗಟ್ಟಿ ಐತಿ."

"ಗಟ್ಟಿ ಅಂದ್ರ ಹೆಂಗ? ಹಿಮ್ಮಡದಂಗೋ, ಅಂಗೈಯಂಗೋ?"

"ಅಂಗೈಯಂಗ."

ಇನ್ನಷ್ಟು ಹೆರೆದ. "ಈಗ?"

ನಾನು ಎಡಗೈಯಲ್ಲಿ ನನ್ನ ಕಿವಿ ಹಿಡಿದುಕೊಂಡು, ಬಲಗೈಯಲ್ಲಿ ತೊಗಲು ಹಿಡಿದೆ. "ಕಿವಿ ಹಾಲಿಯಂಗ."

"ನೋಡಿ ಹೇಳಲೇ. ಕಿವಿ ಹಾಲಿ ಆತಂದ್ರ ನಾ ನಿಲ್ಲಿಸ್ತೀನಿ. ಅಲ್ಲಿಗೇ ನಿಲ್ಲಬೇಕದು."

"ಕಿವಿ ಹಾಲಿ, ತಾತಾ. ಖರೇ."

ನಿಲ್ಲಿಸಿದ. ಬಟ್ಟಲನ್ನು ನೆರಳಲ್ಲಿ ಒಣಗಿಸಿ, ಬೆಚ್ಚಗೆ ಮಾಡಿದ ಔಡಲೆಣ್ಣೆಯಲ್ಲಿ, ಅಂದರೆ ಹರಳೆಣ್ಣೆಯಲ್ಲಿ, ಎರಡು ದಿನ ಮುಳುಗಿಸಿಟ್ಟ. ಅಂಗಡಿಯ ತುಂಬ ಆ ಎಣ್ಣೆಯ ಕಮಟು. ಖಾಜಾ ಮೂಗು ಮುಚ್ಚಿಕೊಂಡು, "ತಾತಾ, ಜಾಕಿಗೆ ಭೇದಿ ಮಾಡಿಸ್ತೀಯೇನು?" ಎಂದ. ಅಪ್ಪ ಕೂಡ ನಕ್ಕ.

ಆ ಎರಡು ದಿನ ಉಳಿದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವುದು ನನ್ನ ಕೆಲಸ. ಜಾಕನ್ನು ಕೆಳಗಿಳಿಸುವ ಸ್ಕ್ರೂ ಇರುತ್ತದಲ್ಲ, ಅದರ ತುದಿಯಲ್ಲಿ ಒಂದು ಉಕ್ಕಿನ ಗುಂಡು ಇರುತ್ತದೆ. ಎಣ್ಣೆ ವಾಪಸು ಹೋಗುವ ದಾರಿಗೆ ಅದೇ ಬಿರಡೆ. ಬಟಾಣಿಗಿಂತ ಸಣ್ಣದು, ಕನ್ನಡಿಯಂತೆ ಹೊಳೆಯುವಂಥದ್ದು. ನಾವು ಹುಡುಗರೆಲ್ಲ ಆಗ ಗೋಲಿ ಆಡುತ್ತಿದ್ದದ್ದು ಲಾರಿ ಬೇರಿಂಗಿನ ಗುಂಡುಗಳಲ್ಲಿ. ಪಕ್ಕದ ಮನೆಯ ಹುಡುಗ ಪಂಪಿ ತನ್ನ ಹೊಸ ಗುಂಡು ತೋರಿಸಿ ಮೆರೆದ. ನಾನು ನನ್ನದನ್ನು ತೋರಿಸಿದೆ. ಒಂದೇ ಒಂದು ಆಟ ಆಡಿದೆವು. ನಾನೇ ಗೆದ್ದೆ. ಗುಂಡನ್ನು ಲಂಗಕ್ಕೆ ಒರೆಸಿ ತಂದು ಅದರ ಜಾಗದಲ್ಲಿ ಇಟ್ಟೆ.

ಜೋಡಿಸುವಾಗ ತಾತ ಕೇಳಿದ. "ಗುಂಡು ತೊಳದೀಯೇನು?"

"ತೊಳದೀನಿ."

ತೊಳೆದದ್ದು ನಿಜ. ಆಡಿದ್ದು ತೊಳೆದ ಮೇಲೆ.

ಮರುದಿನ ಬೆಳಗ್ಗೆ ಖಾಜಾನ ಲಾರಿಯ ಹಿಂದಿನ ಆಕ್ಸಲಿಗೆ ಜಾಕ್ ಹಚ್ಚಿದರು. ಅಪ್ಪ ಪಂಪ್ ಹೊಡೆದ. ಒಂದೊಂದು ಏಟಿಗೂ ಲಾರಿ ನರಳುತ್ತ ಮೇಲೆ ಬಂತು. ಆಕ್ಸಲಿನ ಕೆಳಗೆ ನಾಲ್ಕು ಬೆರಳು ಅಂತರ ಬಿಟ್ಟು ಅಪ್ಪ ಕಟ್ಟಿಗೆಯ ದಿಮ್ಮಿ ಇಟ್ಟ. ಇದನ್ನೂ ಬರೆದಿಟ್ಟುಕೊಳ್ಳಿ. ಜಾಕ್ ಎತ್ತಲಿಕ್ಕೆ, ದಿಮ್ಮಿ ನಿಲ್ಲಿಸಲಿಕ್ಕೆ. ಬರಿಯ ಜಾಕನ್ನು ನಂಬಿ ಗಾಡಿಯ ಕೆಳಗೆ ತಲೆ ಹಾಕಿದವರನ್ನು ನಾನು ನೋಡಿದ್ದೇನೆ, ಅವರ ಹೆಂಡಂದಿರನ್ನೂ ನೋಡಿದ್ದೇನೆ. ಹೊಳೆಯುವ ಉಕ್ಕಿನ ಕಂಬದ ಮೇಲೆ, ಅದು ಹೊರಗೆ ಬರುವಲ್ಲಿ, ಅಪ್ಪ ಸೀಮೆಸುಣ್ಣದ ಗೆರೆ ಎಳೆದ. ಪಂಪಿನ ಹಿಡಿಕೆಯ ಪೈಪು ಕಿತ್ತು ಬೇವಿನ ಮರಕ್ಕೆ ಒರಗಿಸಿದ.

"ಹುಲಿಗಿ, ನೀ ಇಲ್ಲೇ ಕುಂದ್ರು. ಗೆರಿ ಮ್ಯಾಲ ಕಣ್ಣಿರ್ಲಿ."

ಕಾವಲಿಗೆ ನನ್ನನ್ನೇ ಇಟ್ಟರು.

ಒಂಬತ್ತಕ್ಕೆ ಗೆರೆ ಇದ್ದಲ್ಲೇ ಇತ್ತು. ಹತ್ತಕ್ಕೆ ಅನುಮಾನ ಬಂತು. ಹನ್ನೊಂದರ ಹೊತ್ತಿಗೆ ಗೆರೆಯ ಕೆಳಗಿನ ಅಂಚು ಕಾಣೆಯಾಗಿತ್ತು. ಹನ್ನೆರಡಕ್ಕೆ ಗೆರೆ ಅರ್ಧ ಮುಳುಗಿತು. ನಾನು ಕಿವಿ ಮುಟ್ಟಿಕೊಂಡೆ. ತೊಗಲು ನಿಜವಾಗಿ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಅಪ್ಪ ಆಚೆ ಬದಿಯಲ್ಲಿ ಟೈರು ಬಿಚ್ಚುತ್ತಿದ್ದ. ತಾತ ಮತ್ತು ಖಾಜಾ ಚಹಾಕ್ಕೆ ಹೋಗಿದ್ದರು. ನಾನು ಎದ್ದು, ಪೈಪು ತಂದು, ಜಾಕಿನ ತೂತಿಗೆ ಸಿಕ್ಕಿಸಿ, ಮೈಯ ಭಾರವನ್ನೆಲ್ಲ ಬಿಟ್ಟು ಹೊಡೆದೆ. ಗೆರೆ ಮೇಲೆ ಬಂತು, ಮೊದಲು ಇದ್ದಲ್ಲಿಗಿಂತ ತುಸು ಹೆಚ್ಚೇ. ಪೈಪನ್ನು ಇದ್ದ ಹಾಗೆಯೇ ಮರಕ್ಕೆ ಒರಗಿಸಿ ಬಂದು ಕೂತೆ.

ಒಂದೂವರೆಗೆ ತಾತ ಬಂದು ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಗೆರೆಯನ್ನು ನೋಡಲೇ ಇಲ್ಲ. ಹಿಡಿಕೆ ಸಿಕ್ಕಿಸುವ ತೂತನ್ನು ನೋಡಿದ. ಬೆಳಗಿನಿಂದ ಜಾಕಿನ ಮೈಮೇಲೆಲ್ಲ ಕೆಂಪು ಧೂಳು ಕೂತಿತ್ತು. ಆ ತೂತಿನ ಸುತ್ತ ಮಾತ್ರ ಒಂದು ಸ್ವಚ್ಛವಾದ ಉಂಗುರ.

"ಎಷ್ಟು ಸಲ ಹೊಡದಿ?" ಮೆಲ್ಲಗೆ ಕೇಳಿದ.

"ಎರಡು."

"ಎರಡಂದ್ರ ಎರಡೇನು?"

"ಮೂರು."

ತಾತ ತಲೆಯಾಡಿಸಿದ, ನಾನು ಲೆಕ್ಕ ಸರಿ ಹೇಳಿದೆ ಎಂಬಂತೆ. ಬೈಯಲಿಲ್ಲ. ಜೇಬಿನಿಂದ ಅರ್ಧ ಬೀಡಿ ತೆಗೆದು, ಹಚ್ಚದೆ ಹಿಡಿದುಕೊಂಡು ಕೂತ.

ಎರಡು ಗಂಟೆಯ ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಅಪ್ಪ ಕೈ ಒರೆಸಿಕೊಳ್ಳುತ್ತ ಬಂದು ಬಗ್ಗಿ ನೋಡಿದ. ಗೆರೆ ಇದ್ದಲ್ಲೇ ಇತ್ತು. ಅಪ್ಪನ ಮುಖ ಒಂದು ಕ್ಷಣ ಚಿಕ್ಕ ಹುಡುಗನದಾಯಿತು.

"ಮುದುಕ ಗೆದ್ದನಲೇ!" ಎಂದು ಖಾಜಾ ಚಪ್ಪಾಳೆ ಹೊಡೆದ. "ಇನ್ನ ಈ ರೋಡಿನ ಹಳೇ ಜಾಕೆಲ್ಲಾ ನಿಮ್ಮ ಅಂಗಡಿಗೇ. ಮಿರ್ಚಿ ನಂದು ಇವತ್ತು!"

"ನಿಂತಿಲ್ಲ," ಎಂದ ತಾತ.

"ಏನು?"

"ಇದು ನಿಂತಿಲ್ಲ. ಇಳದಿತ್ತು. ನಾನ ಪಂಪ್ ಹೊಡದು ಏರಿಸೀನಿ. ಮೂರು ಸಲ. ಇದನ್ನ ನಂಬಿ ಯಾರೂ ಒಳಗ ಹೋಗಬ್ಯಾಡ್ರಿ."

ಖಾಜಾನ ಕೈ ಚಪ್ಪಾಳೆಯ ನಡುವೆಯೇ ನಿಂತಿತು. ಅಪ್ಪ ತಾತನನ್ನು ನೋಡಿದ. ಆಮೇಲೆ ನನ್ನನ್ನು. ಆಮೇಲೆ ಮತ್ತೆ ತಾತನನ್ನು.

"ಈ ವಯಸ್ಸಿನ್ಯಾಗ," ಎಂದ ಅಪ್ಪ.  ಪೂರ್ತಿ ಬೈದಿದ್ದರೆ ಚೆನ್ನಾಗಿತ್ತು.

ನಾನು ಬಾಯಿ ಬಿಡಲಿಲ್ಲ. ಹೆದರಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಹೆದರಿಕೆಯೂ ಇರಲಿಲ್ಲ, ಅಳುವೂ ಇರಲಿಲ್ಲ. ಕಾಲು ಜೋಮು ಹಿಡಿದಾಗ ಅದು ನಮ್ಮದೇ ಕಾಲು ಎಂದು ಗೊತ್ತಿರುತ್ತದೆ, ಆದರೂ ಯಾರದೋ ಕಾಲಿನಂತೆ ಇರುತ್ತದಲ್ಲ, ಹಾಗಿತ್ತು ಅಷ್ಟೇ. ಖಾಜಾ ಹೇಳಿದಂತೆ ಮಿರ್ಚಿ ತರಿಸಿದ. ನಾನು ಎರಡು ತಿಂದೆ.

ಸಂಜೆ ನಾಲ್ಕರ ಬಸ್ಸಿಗೆ ತಾತನನ್ನು ಹತ್ತಿಸಲು ನಾನೇ ಹೋದೆ. ಅಚ್ಚು, ರಂಪಿಗೆ ಎಲ್ಲ ಚೀಲದಲ್ಲಿ ಸುತ್ತಿಕೊಂಡಿದ್ದ.  ಬಸ್ಸು ಬಂದಾಗ ಹೇಳಿದ. "ಕಿವಿ ಹಾಲಿ ಅಂದಿದ್ದಿ. ಒಂದೀಟು ಹೆಚ್ಚು ಕಮ್ಮಿ ಆತೇನೋ. ಇರ್ಲಿ ಬಿಡವ್ವಾ. ನನ್ ಬೆರಳ ಸುದ್ದ ಇದ್ದಿದ್ರ ನಿನ್ನ ಯಾಕ ಕೇಳ್ತಿದ್ನಿ."

ಅದು ಅವನು ನನಗೆ ಹೇಳಿದ ಕೊನೆಯ ಮಾತು. ಎರಡು ವರ್ಷದ ಮೇಲೆ ಕಂಪ್ಲಿಯಿಂದ ಸುದ್ದಿ ಬಂತು, ಹೋಗಿ ಮಣ್ಣು ಮಾಡಿ ಬಂದೆವು. ಅಲ್ಲಿ ಯಾರೋ ನನ್ನನ್ನು ನೋಡಿ "ಈಕೀನೇ ಮೊಮ್ಮಗಳೇನು, ಅಳವೊಲ್ಲಳಲ್ಲ" ಎಂದರು. ಎಂದಿನಷ್ಟೇ ಅನ್ನ ಸಾರು ಉಂಡು ಬಂದೆ.

ಆಮೇಲಿನದು ವ್ಯಾಪಾರದ ಕಥೆ, ಅದನ್ನು ಉದ್ದ ಮಾಡುವುದಿಲ್ಲ. ಗಣಿ ಬಂದ್ ಆಗಿ ಲಾರಿಗಳು ನಿಂತವು. ಅಪ್ಪ ಅಂಗಡಿ ಬಿಚ್ಚಿದ. ಬಾಗಿಲಿಗೆ ಅಡ್ಡ ಇದ್ದ ಆ ಜಾಕನ್ನು, ನಾಲ್ಕು ಸ್ಪ್ಯಾನರನ್ನು ನಾನು ಹೊಸಪೇಟೆಗೆ ತಂದು ದಂಧೆ ಶುರುಮಾಡಿದೆ. ನಾನು ಸಾಮಾನನ್ನು ಕಣ್ಣಿನಿಂದ ಅಳೆಯುತ್ತೇನೆ, ಮಾತಿನಿಂದ ಅಳೆಯುತ್ತೇನೆ, ಗೇಜ್ ಹಾಕಿ ಅಳೆಯುತ್ತೇನೆ. ಬೆರಳಿನಿಂದ ಅಳೆಯುವುದಿಲ್ಲ. ಗಿರಾಕಿಗಳು "ಮುಟ್ಟಿ ನೋಡ್ರಕ್ಕಾ" ಎಂದರೂ "ಗೇಜ್ ಐತಲ್ರಿ" ಎನ್ನುತ್ತೇನೆ. ಜಾಣತನ ಎಂದುಕೊಳ್ಳುತ್ತಾರೆ.

ಹೋದ ತಿಂಗಳು ಹಂಪಿ ಕಡೆಯ ಹೋಟೆಲಿನವನೊಬ್ಬ ಬಂದಿದ್ದ. ಅಲಂಕಾರಕ್ಕೆ ಇಡಲು ಹಳೆಯ ಕಬ್ಬಿಣದ ಸಾಮಾನು ಬೇಕಂತೆ. ಆ ಜಾಕನ್ನು ಎತ್ತಿ ತೋರಿಸಿದ. "ನಡಿಯುವ ಜಾಕಿಗೆ ಒಂದು ರೇಟು, ನಡಿಯದ್ದಕ್ಕ ಒಂದು ರೇಟು. ನಾಳೆ ಬರ್ರಿ, ಹೇಳ್ತೀನಿ" ಎಂದೆ. ನಡೆಯುವಂತೆ ಮಾಡಿಯೇ ಮಾರೋಣ ಎಂಬ ಲೆಕ್ಕ. ಈಗ ನನ್ನ ಹತ್ತಿರ ಇಂಚಿನ ಸ್ಪ್ಯಾನರುಗಳಿವೆ. ಬಿಚ್ಚಿದೆ.

ತೊಗಲಿನ ಬಟ್ಟಲು ಹೊರಗೆ ಬಂತು. ಇಪ್ಪತ್ತು ವರ್ಷ ಎಣ್ಣೆಯಲ್ಲಿ ಇದ್ದು ಇನ್ನೂ ಮೆತ್ತಗಿತ್ತು. ಬಾಯಿ ಸುತ್ತಲೂ ಒಂದೇ ಸಮ. ಎಲ್ಲೂ ಮಡಚಿಲ್ಲ, ಎಲ್ಲೂ ಸೋರಿದ ಗುರುತಿಲ್ಲ. ಗೇಜ್ ಹಾಕಿದೆ. ಇದಕ್ಕಿಂತ ಒಳ್ಳೆಯ ವಾಷರನ್ನು ಇವತ್ತು ಯಾವ ಮಷೀನಿನಿಂದಲೂ ತೆಗೆಯಲಾಗದು.

ಜಾಕ್ ಇಳಿಯುತ್ತದೆ ಎಂದರೆ ಎಲ್ಲರೂ ಮೊದಲು ವಾಷರನ್ನು ಬೈಯುತ್ತಾರೆ. ಬೈಯಬೇಡಿ. ಮೊದಲು ಗುಂಡು ನೋಡಿ. ಎಷ್ಟು ಜನರಿಗೆ ಇದನ್ನು ಹೇಳಿದ್ದೇನೆ! ಹೇಳುತ್ತಲೇ ಇದೊಂದು ಜಾಕನ್ನು ಮಾತ್ರ ಬಿಚ್ಚದೆ ಇಟ್ಟಿದ್ದೆ. ಇಳಿಸುವ ಸ್ಕ್ರೂ ತೆಗೆದೆ. ಗುಂಡು ಹೊರಗೆ ಬಂತು. ಅದು ಕೂರುವ ಕುಳಿಗೆ ಟಾರ್ಚ್ ಬಿಟ್ಟು ನೋಡಿದೆ. ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಒಂದು ಕಣ ಹೂತು ಕೂತಿತ್ತು. ಕೆಂಪಗೆ. ಅದಿರು.

ಸೂಜಿಯಿಂದ ಕಿತ್ತೆ. ಅದು ಬಿಟ್ಟ ಗುಳಿಯನ್ನು ಉಜ್ಜಿ ತೆಗೆದೆ. ಗುಂಡನ್ನು ತೊಳೆದು, ಕುಳಿಯಲ್ಲಿಟ್ಟು, ಮೇಲೆ ಹಿತ್ತಾಳೆಯ ಕಡ್ಡಿ ಹಿಡಿದು ಸುತ್ತಿಗೆಯಿಂದ ಒಂದೇ ಒಂದು ಹಗುರ ಏಟು ಹಾಕಿದೆ. ಹಾಗೆ ಮಾಡಿದರೆ ಗುಂಡಿಗೆ ಹೊಸ ಹಾಸಿಗೆ ಬೀಳುತ್ತದೆ. ತಾತನ ಬಟ್ಟಲನ್ನೇ ವಾಪಸು ಹಾಕಿದೆ. ಜಾಕ್ ಆಯಿಲ್ ತುಂಬಿ, ಗಾಳಿ ತೆಗೆದು, ಅಂಗಡಿಯ ಕಬ್ಬಿಣದ ಕಪಾಟಿನ ಮೂಲೆಗೆ ಕೊಟ್ಟು ಎತ್ತಿದೆ. ಸೀಮೆಸುಣ್ಣದ ಗೆರೆ ಎಳೆದೆ.

ನಾಲ್ಕು ದಿನವಾಯಿತು. ಗೆರೆ ಇಳಿಯಲಿಲ್ಲ. ಹೋಟೆಲಿನವನು ಎರಡು ಸಲ ಬಂದು ಹೋದ. ನಡೆಯುವ ಜಾಕಿನ ರೇಟನ್ನು ಅವನೇ ಹೇಳಿದ, ಅದರ ಮೇಲೂ ಏರಿಸಿದ.  "ಗಾಡಿ ಕೆಳಗ ಐತ್ರಿ ಅದು, ಖಾಲಿ ಇಲ್ಲ," ಎಂದೆ. ಅವನು ಕಪಾಟನ್ನು ನೋಡಿದ, ನನ್ನನ್ನು ನೋಡಿದ, ಹೋದ.

ಐದನೆಯ ದಿನ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಈಗ ಕುರೆಕುಪ್ಪದ ಮನೆಯಲ್ಲಿದ್ದಾನೆ, ಕಿವಿ ಸ್ವಲ್ಪ ಮಂದ.

"ಅಪ್ಪಾ, ಆ ಹಳೇ ಜಾಕ್ ಬಿಚ್ಚಿದ್ನಿ. ತೊಗಲು ಚಲೋ ಐತಿ. ಗುಂಡಿನ ಕೆಳಗ ಅದಿರಿನ ಹಳ್ಳು ಸಿಕ್ಕಿತ್ತು. ಗುಂಡು ತೊಗೊಂಡು ಪಂಪಿ ಜೋಡಿ ಗೋಲಿ ಆಡಿದ್ನಿ ನಾನು."

"ಹ್ಞೂಂ."

"ಆವತ್ತು ಪಂಪ್ ಹೊಡದಿದ್ದೂ ನಾನ. ತಾತ ಅಲ್ಲ."

"ಗೊತ್ತು."

"ಹೆಂಗ ಗೊತ್ತು?"

"ಎರಡು ಕೈಲೆ ಚೊಂಬು ಹಿಡಿಯಾವ, ಎಂಟು ಟನ್ ಜಾಕ್ ಹೆಂಗ ಹೊಡೀತಾನ?"

 ನಾನು ಕೇಳಿದೆ, "ಮತ್ಯಾಕ ಕಳಿಸಿದಿ?"

"ಯಾರು ಹೊಡದ್ರೇನು, ಜಾಕ್ ನಿಂತಿರ್ಲಿಲ್ಲಲ್ಲ." ಅವನೇ ಕೇಳಿದ. "ಈಗ ಎಷ್ಟು ದಿನ ನಿಂತೈತಿ?"

"ಇವತ್ತಿಗೆ ಐದು."

"ಎರಡು ಗಂಟಿ ಬಸ್ ತನಕ ನಿಂತಿದ್ರ ಸಾಕಿತ್ತು," ಎಂದ. ಆಮೇಲೆ, "ಉಂಡಿಯೇನು?" ಎಂದ. ಉಂಡೆ ಎಂದೆ. ಫೋನ್ ಇಟ್ಟ.

ಅಂಗಡಿಯ ಬಾಗಿಲು ಎಳೆಯುವ ಮೊದಲು ಗೆರೆ ನೋಡಿದೆ. ಇದ್ದಲ್ಲೇ ಇತ್ತು. ಹೊಸದೊಂದು ತೊಗಲಿನ ಬಟ್ಟಲು ಮಾಡಬೇಕಾದರೆ ಬಾಯಿಯ ಹದ ಎಲ್ಲಿಗೆ ನಿಲ್ಲಬೇಕು ಎಂದು ನೋಡಲು, ಎಷ್ಟೋ ವರ್ಷದ ಮೇಲೆ, ಎಡಗೈಯಲ್ಲಿ ನನ್ನ ಕಿವಿ ಹಿಡಿದೆ. ಇಷ್ಟು ವರ್ಷ ಓಲೆಯ ಭಾರ ಹೊತ್ತು ಅದು ಜೋತು, ತೂತಿನ ಸುತ್ತ ಗಂಟುಗಟ್ಟಿದೆ. ಹಿಮ್ಮಡದಂಗೋ, ಅಂಗೈಯಂಗೋ, ಹೇಳಲು ಬರಲಿಲ್ಲ. ಕಿವಿಯ ಹಾಲೆಯಂತೆ ಮಾತ್ರ ಇರಲಿಲ್ಲ.